ಎತ್ತಿಟ್ಟಿದ್ದೀನಿ, ಎಲ್ಲಿ ಅಂತ ಕೇಳಬೇಡಿ

ನಮ್ಮ ಮನೆಯಲ್ಲಿ ಒಂದು ವಸ್ತು ಶಾಶ್ವತವಾಗಿ ಕಾಣೆಯಾಗಬೇಕಾದರೆ ಅದನ್ನು ಯಾರಾದರೂ ಜೋಪಾನವಾಗಿ ಎತ್ತಿಡಬೇಕು. ಬಸ್ಸಿನಲ್ಲಿ ಬಿಟ್ಟು ಬಂದ ಕೊಡೆ ಮೂರನೇ ದಿನ ಅದೇ ಬಸ್ಸಿನ ಕಂಡಕ್ಟರ ಕೈಯಿಂದ ವಾಪಸು ಬಂದದ್ದುಂಟು. ಆದರೆ ನನ್ನಾಕೆ 'ಭದ್ರವಾಗಿರಲಿ' ಎಂದು ಎತ್ತಿಟ್ಟ ರೇಷನ್ ಕಾರ್ಡು, ಹೊಲಿಗೆ ಯಂತ್ರದ ಸೂಜಿಯ ಪೊಟ್ಟಣ, ನನ್ನ ಹಳೇ ಕನ್ನಡಕ, ಇವೆಲ್ಲ ಒಳಗೇ ಎಲ್ಲೋ ಐಕ್ಯವಾಗಿವೆ. ಕೇಳಿದರೆ "ಎತ್ತಿಟ್ಟಿದ್ದೀನಿ ಕಣ್ರೀ" ಎನ್ನುತ್ತಾಳೆ. ಆ ಮಾತಿನಲ್ಲಿ ಇಟ್ಟವಳು ಇದ್ದಾಳೆ, ಇಟ್ಟ ಕೆಲಸ ಇದೆ, ಜಾಗ ಮಾತ್ರ ಇಲ್ಲ. ಮೂವತ್ತೈದು ವರ್ಷದ ಸಂಸಾರದಲ್ಲಿ ನಾನು ಇದಕ್ಕೆ ಹೊಂದಿಕೊಂಡಿದ್ದೆ. ನನ್ನ ಫೋನೂ ಅವಳ ಸಂಪ್ರದಾಯಕ್ಕೇ ಸೇರಿದ್ದು ಎಂದು ಗೊತ್ತಾದದ್ದು ಹೋದ ವರ್ಷ.

ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಒಂದೂವರೆ ಎಕರೆ ಅಡಿಕೆ ತೋಟವೇ ನನ್ನ ಶಾಲೆ. ತೋಟ ಎಂದರೆ ಲೆಕ್ಕ. ಕೊನೆ ಕೊಯ್ದವರಿಗೆ ಎಷ್ಟು, ಸುಲಿದವರಿಗೆ ಎಷ್ಟು, ಯಾರು ಮುಂಗಡ ತೆಗೆದುಕೊಂಡರು, ಯಾರು ಅದನ್ನು ಕೂಲಿಯಲ್ಲಿ ಮುರಿಸಿಕೊಂಡರು, ಯಾರು ಮುರಿಸಿಕೊಂಡಂತೆ ಮಾಡಿ ಮತ್ತೆ ಕೇಳಿದರು. ಇದನ್ನೆಲ್ಲ ನಾನು ಉದ್ದ ಗೆರೆಯ ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಬೆಂಗಳೂರಿನಲ್ಲಿ ಮೊಬೈಲಿಗೆ ಆ್ಯಪ್ ಬರೆಯುವ ನನ್ನ ಅಕ್ಕನ ಮಗ ಬಂದವನು ಆ ಪುಸ್ತಕ ನೋಡಿ ನಕ್ಕ. ಮುಂದಿನ ಸಲ ಬರುವಾಗ ನನಗೆಂದೇ ಒಂದು ಆ್ಯಪ್ ಮಾಡಿಕೊಂಡು ಬಂದ. ಹೆಸರು 'ಅಡಿಕೆ ಲೆಕ್ಕ'. ಹಸಿರು ಬಣ್ಣದ ಪುಟ, ಮೇಲೊಂದು ಅಡಿಕೆ ಮರದ ಚಿತ್ರ, ಕೆಳಗೆ 'ಉಳಿಸು' ಎಂಬ ಗುಂಡಿ. ಒತ್ತಿದರೆ 'ಉಳಿಸಲಾಗಿದೆ' ಎಂದು ಎರಡು ಸೆಕೆಂಡು ತೋರಿಸಿ ಮಾಯವಾಗುತ್ತಿತ್ತು. ಹದಿನಾಲ್ಕು ತಿಂಗಳು ಪ್ರತಿ ರಾತ್ರಿ ಊಟಕ್ಕೆ ಮುಂಚೆ ಸಂಧ್ಯಾವಂದನೆಯ ಹಾಗೆ ನಾನು ಆ ಗುಂಡಿ ಒತ್ತಿದ್ದೇನೆ.

ಒಂದು ದಿನ ಫೋನು 'ಜಾಗ ತುಂಬಿದೆ' ಎಂದು ಗೊಣಗಿತು. ಆ್ಯಪು ತೆವಳತೊಡಗಿತು. ಪಕ್ಕದ ಮನೆಯ ಪಿಯುಸಿ ಹುಡುಗ "ಒಂದ್ಸಲ ತೆಗೆದು ಹಾಕಿಬಿಡಿ ಸರ್, ಫ್ರೆಶ್ ಆಗುತ್ತೆ" ಎಂದ. ತೆಗೆದೆವು. ಹಾಕಿದೆವು. ಆ್ಯಪು ಬಂತು, ಅಡಿಕೆ ಮರದ ಚಿತ್ರ ಬಂತು, ಹಸಿರು ಬಣ್ಣ ಬಂತು. ಲೆಕ್ಕ ಬರಲಿಲ್ಲ. ನಿಜಕ್ಕೂ ಫ್ರೆಶ್ಶೇ ಆಗಿತ್ತು.

ಬೆಂಗಳೂರಿಗೆ ಫೋನು ಹಚ್ಚಿದೆ.

"ಮಾವ, ಅನ್‌ಇನ್‌ಸ್ಟಾಲ್ ಮಾಡಿದ್ರಾ?"

"ತೆಗೆದು ಹಾಕಿದೆ."

"ಅಯ್ಯೋ. ಡೇಟಾ ಎಲ್ಲ ಆ್ಯಪ್‌ನ ಸ್ವಂತ ಕೋಣೇಲಿತ್ತು ಮಾವ. ಆ್ಯಪ್ ಹೋದ್ರೆ ಕೋಣೇನೂ ಹೋಗುತ್ತೆ. ಸಿಸ್ಟಂ ಮಾಡಿರೋದೇ ಹಾಗೆ."

"ನಾನು ದಿನಾ ಉಳಿಸು ಅಂತ ಒತ್ತಿದ್ದೆನಲ್ಲೋ?"

"ಉಳಿದಿತ್ತು. ಆದ್ರೆ ಒಳಗೆ ಉಳಿದಿತ್ತು."

"ಗೂಗಲ್ಲಿಗೆ ತಾನೇ ಒಂದು ಪ್ರತಿ ಹೋಗುತ್ತೆ ಅಂದಿದ್ದೆ?"

"ಹೋಗ್ತಿತ್ತು. ನೆಟ್ ಖಾಲಿಯಾಗುತ್ತೆ ಅಂತ ಬ್ಯಾಕಪ್ ಆಫ್ ಮಾಡಿಸಿದ್ದು ಯಾರು ಹೇಳಿ?"

ನಾನು ಮಾತು ಬದಲಿಸಿ ಅಕ್ಕನ ಮಂಡಿನೋವಿನ ಬಗ್ಗೆ ವಿಚಾರಿಸಿದೆ.

ಆ ರಾತ್ರಿ ನಿದ್ದೆ ಬಾರದೆ 'ಉಳಿಸಲಾಗಿದೆ' ಎಂಬ ಪದದ ಬೆನ್ನು ಹತ್ತಿದೆ. ಮೇಷ್ಟ್ರ ಜಾತಿ, ಏನು ಮಾಡುವುದು. ಅದು ಕರ್ಮಣಿ ಪ್ರಯೋಗ. ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ; 'ಸಾರು ಮಾಡಲಾಗಿದೆ, ಬನ್ನಿ' ಎಂದು ಯಾರೂ ಊಟಕ್ಕೆ ಕರೆಯುವುದಿಲ್ಲ. ಕರ್ಮಣಿ ಪ್ರಯೋಗ ಬರುವುದು ಸರ್ಕಾರಿ ನೋಟೀಸಿನಲ್ಲಿ, 'ಸದರಿ ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ' ಎನ್ನುವಲ್ಲಿ. ಯಾರು ಮಾಡಿದರು, ಎಲ್ಲಿ ಹೋಯಿತು, ಕೇಳುವಂತಿಲ್ಲ. ಮಾಡಿದವನ ಹೆಸರು ತಪ್ಪಿಸಲಿಕ್ಕೆಂದೇ ವ್ಯಾಕರಣ ಕಟ್ಟಿಕೊಟ್ಟ ಹಿತ್ತಿಲ ಬಾಗಿಲು ಅದು. ಹದಿನಾಲ್ಕು ತಿಂಗಳು ನಾನು ಅದನ್ನು ರಸೀದಿ ಎಂದು ನಂಬಿದ್ದೆ.

ಫೈಲಿಗೆ ಕನ್ನಡದಲ್ಲಿ ಕಡತ ಎನ್ನುತ್ತೇವಲ್ಲ, ಅದರ ಮೂಲ ನೆನಪಾಗಿ ಇನ್ನಷ್ಟು ಎಚ್ಚರವಾಯಿತು. ಕಡತ ಎಂದರೆ ಮೊದಲು ಬಟ್ಟೆ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಚಿ, ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಕಪ್ಪಿನ ಮೇಲೆ ಬಿಳಿ ಅಕ್ಷರ. ತಪ್ಪಾದರೆ ಒರೆಸಿ ತಿದ್ದಬಹುದು. ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಎಷ್ಟೋ ತಲೆಮಾರುಗಳಿಂದ ಉಳಿದುಕೊಂಡು ಬಂದು, ಇತಿಹಾಸದವರು ಅವನ್ನು ಓದಿ ಪ್ರಕಟಿಸಿಯೂ ಆಗಿದೆ. ಉಜ್ಜಿದರೆ ಅಳಿಸಿಹೋಗುವ ಬಳಪದ ಬರಹ ಅಷ್ಟು ಕಾಲ ಬಾಳಿತು. ನನ್ನ ಮುಂಗಡದ ಲೆಕ್ಕ ಹದಿನಾಲ್ಕು ತಿಂಗಳಿಗೇ ಶಿವಾಯ ನಮಃ.

ಈಗ ಮುಂಗಡ ಯಾರ್‍ಯಾರಿಗೆ ಎಷ್ಟು ಕೊಟ್ಟಿದ್ದೆ? ಬೇರೆ ದಾರಿಯಿಲ್ಲದೆ ತೆಗೆದುಕೊಂಡವರನ್ನೇ ಕೇಳಿದೆ. ಸಾಲ ಕೊಟ್ಟವನು ಸಾಲಗಾರನ ಮುಂದೆ ನಿಂತು "ನೀನು ನನಗೆಷ್ಟು ಕೊಡಬೇಕಪ್ಪ?" ಎಂದು ಕೇಳುವ ದೃಶ್ಯವನ್ನು ದಯವಿಟ್ಟು ಊಹಿಸಿಕೊಳ್ಳಿ. ಒಬ್ಬಳು ನಾನು ಅಂದುಕೊಂಡದ್ದಕ್ಕಿಂತ ಐನೂರು ರೂಪಾಯಿ ಹೆಚ್ಚೇ ಹೇಳಿ ನನ್ನನ್ನು ನಾಚಿಸಿದಳು. ಕೊನೆ ಕೊಯ್ಯುವವನು ಮಾತ್ರ "ಗೋಡೆ ಮೇಲಿದೆ ಮೇಷ್ಟ್ರೇ, ಬಂದು ನೋಡಿ" ಎಂದ. ಹೋದೆ. ದೀಪಾವಳಿ ಹತ್ತಿರ ಬಂದಿತ್ತೆಂದು ಮನೆಗೆಲ್ಲ ಸುಣ್ಣ ಬಳಿದಿದ್ದರು. ಬಾಗಿಲ ಪಕ್ಕದಲ್ಲಿ ಒಂದು ಮೊಳ ಅಗಲದ ಜಾಗ ಮಾತ್ರ ಹಳೇ ಮಣ್ಣಿನ ಬಣ್ಣದಲ್ಲೇ ಉಳಿದಿತ್ತು. ಅದರ ಮೇಲೆ ಇದ್ದಿಲ ಗೀಟುಗಳು. ಗೀಟಿಗೆ ಐನೂರು, ಮುರಿಸಿಕೊಂಡದ್ದಕ್ಕೆ ಅಡ್ಡಗೀಟು. ಅಡ್ಡಗೀಟು ಬೀಳದವು ಏಳು. "ಸುಣ್ಣ ಹೊಡೆಯೋವಾಗ ನನ್ನ ಹೆಂಡತಿಗೆ ಹೇಳಿದ್ದೆ, ಮೇಷ್ಟ್ರ ಜಾಗ ಮುಟ್ಟಬೇಡ ಅಂತ" ಎಂದ.

ದೀಪಾವಳಿಗೆ ಅಳಿಯ ಬಂದ. ತಪ್ಪಿತಸ್ಥನ ಮುಖ ಹೊತ್ತೇ ಬಂದಿದ್ದನೆನ್ನಿ. ಜಗಲಿಯ ಮೇಲೆ ಕೂತು, ನನಗೆ ಸಿಟ್ಟು ಬಾರದ ಹಾಗೆ, ಮೊದಲಿನಿಂದ ಕಥೆ ಹೇಳಿದ.

2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನು ಬಂದಾಗ ಅದರ ಒಳಗಿದ್ದದ್ದು 256 ಎಂಬಿ ಜಾಗ. ಆದ್ದರಿಂದ ಫೋಟೊ, ಹಾಡು ಎಲ್ಲ ಹೊರಗಿನ ಮೆಮೊರಿ ಕಾರ್ಡಿಗೆ. ಆ ಕಾರ್ಡಿನಲ್ಲಿ ಕಡತ ಜೋಡಿಸುವ ಪದ್ಧತಿ ಫ್ಲಾಪಿ ಕಾಲದ್ದು. ಅದರಲ್ಲಿ ಕಡತದ ಹೆಸರು, ಗಾತ್ರ, ತಾರೀಖು ಬರೆಯಲು ಜಾಗವಿತ್ತೇ ಹೊರತು 'ಇದು ಯಾರದ್ದು' ಎಂದು ಬರೆಯಲು ಅಂಕಣವೇ ಇರಲಿಲ್ಲ. ಒಳಗಡೆ ಮಾತ್ರ ಪ್ರತಿ ಆ್ಯಪಿಗೂ ಹತ್ತು ಸಾವಿರದಿಂದ ಶುರುವಾಗುವ ಮನೆ ನಂಬರು, ಒಬ್ಬರ ಮನೆಗೆ ಇನ್ನೊಬ್ಬರು ಕಾಲಿಡುವಂತಿಲ್ಲ. ಹೊರಗೆ ಕಾರ್ಡಿನಲ್ಲಿ ರಾಮರಾಜ್ಯ. ಬರೆಯಲು ಒಂದು ಅನುಮತಿ ಬೇಕಿತ್ತು. ಓದಲು 2013ರವರೆಗೆ ಅದೂ ಬೇಕಿರಲಿಲ್ಲ.

ನನಗೆ ಥಟ್ಟನೆ ಅರ್ಥವಾಯಿತು. ಅದು ನಮ್ಮ ಅಜ್ಜನ ಕಾಲದ ಅಟ್ಟ. ಇಪ್ಪತ್ತೆಂಟು ಜನರ ಮನೆ. ಏಣಿ ಸದಾ ಒರಗಿಸಿಯೇ ಇರುತ್ತಿತ್ತು. ಯಾರು ಬೇಕಾದರೂ ಹತ್ತಬಹುದು, ಯಾರ ಟ್ರಂಕಿನ ಪಕ್ಕ ಬೇಕಾದರೂ ತಮ್ಮ ಮೂಟೆ ಇಡಬಹುದು, ಯಾರ ಬೆಲ್ಲದ ಡಬ್ಬಿಗೆ ಬೇಕಾದರೂ ಕೈ ಹಾಕಬಹುದು. ಚಿಕ್ಕಪ್ಪನೊಬ್ಬ ತನ್ನ ಪ್ರೇಮಪತ್ರಗಳನ್ನು ಅಲ್ಲೇ ಮುಚ್ಚಿಟ್ಟಿದ್ದ. ಅವನ್ನು ಅವನಿಗಿಂತ ಮೊದಲು ಬಾಯಿಪಾಠ ಮಾಡಿದವರು ನಾವು ಮಕ್ಕಳು. ಆದರೆ ಒಂದು ಮಾತು: ಏನು ಕಳೆದರೂ ಅಟ್ಟ ಹತ್ತಿ ಹುಡುಕಿದರೆ ಸಿಗುತ್ತಿತ್ತು.

"ಅದೇ ಮಾವ," ಎಂದ ಅಳಿಯ. "ನಿಮ್ಮ ಫೋನಲ್ಲಿ ಟಾರ್ಚ್ ಆ್ಯಪ್ ಇತ್ತಲ್ಲ, ಅದಕ್ಕೆ ಒಂದು ಅನುಮತಿ ಕೊಟ್ರೆ ಅತ್ತೆಯ ಫೋಟೊ, ನಿಮ್ಮ ಪಾಸ್‌ಬುಕ್ ಸ್ಕ್ಯಾನ್, ಎಲ್ಲಾನೂ ನೋಡಬಹುದಿತ್ತು. ನೋಡೋದೇನು, ಬೇರೆ ಆ್ಯಪ್ ಇಟ್ಟಿದ್ದನ್ನ ತಿದ್ದಿಡಬಹುದಿತ್ತು." 2018ರಲ್ಲಿ ಚೆಕ್ ಪಾಯಿಂಟ್ ಎಂಬ ಭದ್ರತಾ ಸಂಸ್ಥೆಯವರು ಇದನ್ನು ಮಾಡಿಯೇ ತೋರಿಸಿದರಂತೆ. ಒಂದು ಆ್ಯಪು ಅಟ್ಟದಲ್ಲಿ ನಂಬಿ ಇಟ್ಟ ಕಡತವನ್ನು ಇನ್ನೊಂದು ಕಲಬೆರಕೆ ಮಾಡಿ, ಮೊದಲನೆಯದು ಅದನ್ನೇ ತನ್ನದೆಂದು ಎತ್ತಿಕೊಂಡು ಮೋಸಹೋಗುವುದು.

"ಟಾರ್ಚಿಗೆ ನಮ್ಮ ಫೋಟೊ ಯಾಕಂತೆ?" ಎಂದು ಒಳಗಿನಿಂದ ನನ್ನಾಕೆ ಕೇಳಿದಳು. ಇದಕ್ಕೆ ಇಬ್ಬರಲ್ಲೂ ಉತ್ತರವಿರಲಿಲ್ಲ.

ಹಾಗಾಗಿ ಬಾಗಿಲುಗಳು ಬಂದವು. 2015ರಲ್ಲಿ, ಆರನೆಯ ಆವೃತ್ತಿಯಲ್ಲಿ, ಆ್ಯಪು ಕೆಲಸದ ಮಧ್ಯೆ ನಿಲ್ಲಿಸಿ 'ನಿಮ್ಮ ಫೋಟೊ, ಫೈಲು ನೋಡಲೇ?' ಎಂದು ಕೇಳುವ ಕ್ರಮ ಶುರುವಾಯಿತು. ಅದಕ್ಕೆ ಮೊದಲು ಹಾಕಿಕೊಳ್ಳುವಾಗಲೇ ಒಂದು ಉದ್ದ ಪಟ್ಟಿಗೆ ಸಾರಾಸಗಟು ಹೂಂ ಎನ್ನಬೇಕಿತ್ತು. ಕೇಳುವುದು ಒಳ್ಳೆಯ ನಡತೆಯೇ. ಆದರೆ ಈ ಕೇಳುವಿಕೆಯಲ್ಲಿ ಒಂದು ಕೊರತೆಯನ್ನು ನಾನು ಕಂಡುಹಿಡಿದಿದ್ದೇನೆ. ಹನ್ನೊಂದನೆಯ ಆವೃತ್ತಿಯಿಂದೀಚೆಗೆ ಎರಡು ಸಲ 'ಬೇಡ' ಎಂದರೆ ಫೋನು ಮೂರನೇ ಸಲ ಕೇಳುವುದೇ ಇಲ್ಲ. ಶಾಶ್ವತವಾಗಿ ಬೇಡವೆಂದೇ ಬರೆದುಕೊಳ್ಳುತ್ತದೆ. ಇದನ್ನು ಮಾಡಿದವರು ಮಲೆನಾಡಿನ ಪಂಕ್ತಿಯಲ್ಲಿ ಕೂತು ಹೋಳಿಗೆ ತಿಂದವರಲ್ಲ. ಎರಡು ಸಲ ಬೇಡ ಎನ್ನುವುದು ಇಲ್ಲಿ ಮೂರನೆಯದಕ್ಕೆ ಪೀಠಿಕೆ. ನನ್ನಾಕೆ ಅಪರಿಚಿತರು ಕೇಳಿದ್ದಕ್ಕೆಲ್ಲ ಮರ್ಯಾದೆಯಿಂದ ಎರಡು ಸಲ ಬೇಡ ಎಂದು ಒತ್ತಿ, ಈಗ ಅವಳ ಫೋನಿನಲ್ಲಿ ಅರ್ಧ ಆ್ಯಪುಗಳು ಕೈಕಟ್ಟಿ ಕೂತಿವೆ. ಕೆಲವು ತಿಂಗಳು ಮುಟ್ಟದ ಆ್ಯಪಿನ ಅನುಮತಿಯನ್ನು ಫೋನೇ ಕಿತ್ತುಕೊಳ್ಳುವುದೂ ಉಂಟಂತೆ. ಉಳದವನಿಗೆ ಭೂಮಿಯಿಲ್ಲ. 1974ರ ಭೂಸುಧಾರಣೆಯನ್ನು ಕಣ್ಣಾರೆ ಕಂಡ ನನಗೆ ಅದೇನೂ ಹೊಸತೆನಿಸಲಿಲ್ಲ.

ದೊಡ್ಡ ಗೋಡೆ ಎದ್ದದ್ದು 2019ರಲ್ಲಿ, ಹತ್ತನೆಯ ಆವೃತ್ತಿಯಲ್ಲಿ. ಆ್ಯಪ್ ಬರೆಯುವವರು ಗಲಾಟೆ ಮಾಡಿದ್ದರಿಂದ ಒಂದು ವರ್ಷ ತಪ್ಪಿಸಿಕೊಳ್ಳುವ ಕಿಂಡಿ ಬಿಟ್ಟಿದ್ದರು. 2020ರ ಹನ್ನೊಂದನೆಯದರಲ್ಲಿ ಅದನ್ನೂ ಮುಚ್ಚುತ್ತ ಬಂದರು. ಅಂದಿನಿಂದ ಅಟ್ಟಕ್ಕೆ ಏಣಿಯಿಲ್ಲ. ಪ್ರತಿ ಆ್ಯಪಿಗೂ ಸ್ವಂತ ಕೋಣೆ. ಅಲ್ಲಿ ಅನುಮತಿಯಿಲ್ಲದೆ ಏನು ಬೇಕಾದರೂ ಇಟ್ಟುಕೊಳ್ಳಬಹುದು, ಆದರೆ ಆ್ಯಪು ಮನೆ ಬಿಟ್ಟ ದಿನ ಕೋಣೆಯನ್ನೇ ಕೆಡವುತ್ತಾರೆ. ನನ್ನ ಲೆಕ್ಕ ಸತ್ತದ್ದು ಅಲ್ಲಿ. ಉಳಿಯಬೇಕಾದದ್ದನ್ನು ಮನೆಯ ಒಡೆಯನ ಕೈಗೆ ಸಿಗುವಲ್ಲಿ ಇಡಬೇಕೆಂದರೆ ದಾರಿ ಬೇರೆ. ಫೋಟೊ, ಹಾಡು, ಡೌನ್‌ಲೋಡು, ಇವುಗಳಿಗೊಂದು ಸಾರ್ವಜನಿಕ ದಫ್ತರು. ಅಲ್ಲಿಗೆ ತಾನು ತಂದದ್ದನ್ನು ಸೇರಿಸಲು ಅಪ್ಪಣೆ ಬೇಡ. ಬೇರೆಲ್ಲಾದರೂ ಇಡಬೇಕಾದರೆ ಫೋನು ಒಂದು ಕಿಟಕಿ ತೆರೆದು ನನ್ನನ್ನೇ ಕೇಳುತ್ತದೆ, ನಾನು ಜಾಗ ತೋರಿಸಬೇಕು. ಆಗಲೂ ಆ್ಯಪಿಗೆ ಸಿಗುವುದು ದಾರಿಯಲ್ಲ, ಒಂದು ಚೀಟಿ.

ಮದುವೆ ಮನೆಯ ಉಗ್ರಾಣ ಇದು. ಎಂಥ ಹೆಸರಾಂತ ಅಡಿಗೆ ಭಟ್ಟರಾದರೂ ಉಗ್ರಾಣದ ಒಳಗೆ ಕಾಲಿಡುವಂತಿಲ್ಲ. ಬಾಗಿಲಲ್ಲಿ ನಿಂತು "ಐದು ಸೇರು ತೊಗರಿಬೇಳೆ, ಎರಡಚ್ಚು ಬೆಲ್ಲ" ಎನ್ನಬೇಕು. ಒಳಗೆ ಕೂತ ನಮ್ಮ ದೊಡ್ಡಪ್ಪ ಅಳೆದು ಕೊಡಬೇಕು. ಭಟ್ಟರಿಗೆ ಬೇಳೆ ಎಲ್ಲಿದೆ ಎಂದು ಗೊತ್ತಿರುವುದಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಅಳಿಯನ ತಲೆನೋವು ಬೇರೆ: ಅವನ ಹಳೇ ಬರವಣಿಗೆಯೆಲ್ಲ 'ಉಗ್ರಾಣಕ್ಕೆ ಹೋಗು, ಎಡಗಡೆ ಮೂರನೇ ಗುಡಾಣ ತೆಗೆ' ಎಂಬ ಧಾಟಿಯಲ್ಲಿತ್ತು. ಅದನ್ನೆಲ್ಲ 'ಬಾಗಿಲಲ್ಲಿ ನಿಂತು ಕೇಳು' ಎಂದು ತಿದ್ದಬೇಕಾಯಿತು. "ಎಲ್ಲ ಬಾಗಿಲೂ ತೆಗೆಯೋ ಬೀಗದಕೈ ಒಂದಿದೆ ಮಾವ. ಆದ್ರೆ ಕೇಳಿದ್ರೆ ಪ್ಲೇ ಸ್ಟೋರ್‌ನವರಿಗೆ ಕಾರಣ ಬರೆದುಕೊಡಬೇಕು. ಫೈಲ್ ಮ್ಯಾನೇಜರ್, ಬ್ಯಾಕಪ್, ವೈರಸ್ ಹುಡುಕೋ ಆ್ಯಪ್, ಅಂಥವಕ್ಕೆ ಕೊಡ್ತಾರೆ. ಅಡಿಕೆ ಲೆಕ್ಕಕ್ಕೆ ಕೊಡ್ತಾರಾ?"

"ಅಡಿಕೆ ರೇಟು ನೋಡಿದರೆ ಕೊಡಬೇಕು ಕಣೋ" ಎಂದೆ.

ನಡುವೆ ಅವನ ಲ್ಯಾಪ್‌ಟಾಪಿನ ಪರದೆಯ ಮೇಲೆ ನನ್ನ ಫೋನಿನ ಉಗ್ರಾಣದ ವಿಳಾಸ ಕಂಡಿತು. ಸ್ಟೋರೇಜ್, ಎಮ್ಯುಲೇಟೆಡ್, ಆಮೇಲೆ ಒಂದು ಸೊನ್ನೆ. ಎಮ್ಯುಲೇಟೆಡ್ ಎಂದರೇನೆಂದು ಕೇಳಿದೆ. ಕಾರ್ಡಿಲ್ಲದ ಫೋನಿನಲ್ಲೂ ಕಾರ್ಡಿದೆ ಎಂದು ನಟಿಸುವುದಂತೆ. ಸರಿ, ಸೊನ್ನೆ ಏಕೆ? ಅವನು ಸ್ವಲ್ಪ ಸಂಕೋಚಪಟ್ಟ.

"ಅದು ಫೋನಿನ ಮೊದಲನೇ ಬಳಕೆದಾರನ ನಂಬರು ಮಾವ. ಅಂದ್ರೆ ನೀವೇ ಆ ಸೊನ್ನೆ."

ಒಳಗಿನಿಂದ ನಗು ಕೇಳಿಸಿತು.

ಐಫೋನಿನವರಿಗೆ ಈ ಹಿಸ್ಸೆ ಜಗಳವೇ ಇರಲಿಲ್ಲ. 2008ರಲ್ಲಿ ಹೊರಗಿನವರ ಆ್ಯಪುಗಳನ್ನು ಒಳಗೆ ಬಿಟ್ಟುಕೊಂಡಾಗಿನಿಂದಲೇ ಅವರದು ಲಾಡ್ಜಿನ ವ್ಯವಸ್ಥೆ, ಒಬ್ಬೊಬ್ಬರಿಗೆ ಒಂದು ರೂಮು. ಎಲ್ಲರೂ ಸಾಮಾನು ಹೊರಗಿಡಬಹುದಾದ ಪಡಸಾಲೆ, ಅಂದರೆ ಫೈಲ್ಸ್ ಎಂಬ ಆ್ಯಪು, ಬಂದದ್ದೇ ಒಂಬತ್ತು ವರ್ಷ ಕಳೆದು 2017ರಲ್ಲಿ. ಲಾಡ್ಜಿನಲ್ಲಿ ಹುಟ್ಟಿದವನಿಗೆ ಅಟ್ಟ ಕಳೆದುಕೊಂಡ ದುಃಖ ತಿಳಿಯದು.

ಮಾರನೆಯ ದಿನ ಅಳಿಯ ಆ್ಯಪನ್ನು ದುರಸ್ತಿಗಿಟ್ಟ. ತಿಂಗಳಿಗೊಮ್ಮೆ ಲೆಕ್ಕದ ಪ್ರತಿಯನ್ನು ಹೊರಗೆ ಇಡಬೇಕು. ಎಲ್ಲಿ? ಡೌನ್‌ಲೋಡ್ ಫೋಲ್ಡರಿನಲ್ಲಿ ತಾನಾಗಿಯೇ ಇಟ್ಟರೆ ಸುಲಭ, ಏನೂ ಕೇಳಬೇಕಾಗಿಲ್ಲ. ನಾನು ನನ್ನ ಡೌನ್‌ಲೋಡ್ ಫೋಲ್ಡರು ತೆಗೆದು ತೋರಿಸಿದೆ. ಅದರೊಳಗೆ: ಪಹಣಿ. ಪಹಣಿ ಒಂದು. ಪಹಣಿ ಎರಡು, ಹೀಗೆ ಒಂಬತ್ತರವರೆಗೆ, ಎಲ್ಲವೂ ಒಂದೇ ಸರ್ವೆ ನಂಬರಿನದು, ಸೊಸೈಟಿಯ ಬೆಳೆಸಾಲಕ್ಕೆ ಕೇಳಿದಾಗಲೆಲ್ಲ ಹಿಂದಿನದು ಸಿಗದೆ ಹೊಸದಾಗಿ ಇಳಿಸಿಕೊಂಡದ್ದು. ಕರೆಂಟು ಬಿಲ್ಲು. ಯಾರದೋ ಗೃಹಪ್ರವೇಶದ ಆಮಂತ್ರಣ. ಇಪ್ಪತ್ತೆರಡು ಅಂಕಿಯ ಹೆಸರು ಹೊತ್ತ ಒಂದು ಕಡತ, ತೆರೆದರೆ ಅದೂ ಪಹಣಿ. ಅಳಿಯ ಅದನ್ನು ಬಹಳ ಹೊತ್ತು ನೋಡಿದ. "ಮಾವ, ಇಲ್ಲಿಟ್ರೆ ಕೋಣೇಲಿ ಸಾಯೋದು ತಪ್ಪುತ್ತೆ. ಜಾತ್ರೇಲಿ ಕಳೆದುಹೋಗೋದು ತಪ್ಪಲ್ಲ" ಎಂದ.

ಇನ್ನೊಂದು ತೊಡಕನ್ನೂ ಹೇಳಿದ. ಆ್ಯಪು ಹೊರಗಿಟ್ಟ ಕಡತ ಆ್ಯಪು ಹೋದ ಮೇಲೂ ಉಳಿಯುತ್ತದೆ. ಆದರೆ ಅದೇ ಆ್ಯಪನ್ನು ಮರಳಿ ಹಾಕಿದಾಗ, ತಾನೇ ಬರೆದಿಟ್ಟ ಆ ಕಡತ ಅದರ ಪಾಲಿಗೆ ಪರರ ಸೊತ್ತು. ನಾನೇ ಕೈಹಿಡಿದು ತೋರಿಸಿ 'ಇದು ನಿನ್ನದೇ ಕಣೋ' ಎನ್ನಬೇಕು. ನನಗೆ ಇದು ಬಹಳ ಹಿಡಿಸಿತು. ಪುನರ್ಜನ್ಮದ ಬಗ್ಗೆ ನಮ್ಮವರು ಹೇಳಿದ್ದೂ ಇದನ್ನೇ ಅಲ್ಲವೆ? ಹೋದ ಜನ್ಮದಲ್ಲಿ ತಾನೇ ಹೂತಿಟ್ಟ ಕೊಪ್ಪರಿಗೆಯ ಮೇಲೆ ಈ ಜನ್ಮದಲ್ಲಿ ಬಡವನಾಗಿ ಓಡಾಡುವುದು.

ಕೊನೆಗೆ ಜಾಗವನ್ನು ನಾನೇ ತೋರಿಸುವುದೆಂದು ತೀರ್ಮಾನವಾಯಿತು. ಒಂದೇ ಸಲ. ಆ ಚೀಟಿಯನ್ನು ಆ್ಯಪು ಜೋಪಾನ ಮಾಡಿಟ್ಟುಕೊಳ್ಳುತ್ತದೆ. ಡಾಕ್ಯುಮೆಂಟ್ಸ್ ಒಳಗೆ 'ಅಡಿಕೆ ಲೆಕ್ಕ' ಎಂಬ ಫೋಲ್ಡರು ನನ್ನ ಬೆರಳಿನಿಂದಲೇ ಹುಟ್ಟಿತು. ಇನ್ನು ಗುಂಡಿ ಒತ್ತಿದ ಮೇಲೆ ಏನು ಹೇಳಬೇಕು ಎಂಬ ಬಗ್ಗೆ ಮಾವ ಅಳಿಯನಿಗೆ ಅರ್ಧ ಗಂಟೆ ಚರ್ಚೆಯಾಯಿತು. ಕರ್ಮಣಿ ಪ್ರಯೋಗ ಕೂಡದೆಂದು ನಾನು ಹಟ ಹಿಡಿದೆ. ಈಗ ಅದು 'ಮಾರ್ಚಿ ಲೆಕ್ಕವನ್ನು ಡಾಕ್ಯುಮೆಂಟ್ಸ್ ಒಳಗಿನ ಅಡಿಕೆ ಲೆಕ್ಕದಲ್ಲಿ ಇಟ್ಟಿದ್ದೇನೆ' ಎನ್ನುತ್ತದೆ. ಎರಡು ಸಾಲು ಹಿಡಿಯುತ್ತದೆ, ಪರದೆಗೆ ಅಂದವಲ್ಲ ಎಂದು ಅವನ ತಕರಾರು. ಇರಲಿ.

ಮಾರ್ಚಿಯ ಪ್ರತಿ ಕೈಗೆ ಬಂದಾಗ ಅದನ್ನು ಕಾಗದದಲ್ಲಿ ನೋಡಬೇಕೆನಿಸಿತು. ಪೇಟೆಯ ಜೆರಾಕ್ಸ್ ಅಂಗಡಿಗೆ ಹೋದೆ. ಹುಡುಗ ತಲೆಯೆತ್ತದೆ "ಫೈಲ್ ಎಲ್ಲಿದೆ ಸರ್?" ಎಂದ. ಇಂಥ ಪ್ರಶ್ನೆಗಾಗಿ ನಾನು ಒಂದು ವರ್ಷ ಕಾದಿದ್ದೆ. ಗಂಟಲು ಸರಿಮಾಡಿಕೊಂಡು ಪೂರ್ತಿ ವಿಳಾಸ ಹೇಳಿದೆ, ಡಾಕ್ಯುಮೆಂಟ್ಸ್, ಅಡಿಕೆ ಲೆಕ್ಕ, ಮಾರ್ಚಿ.

"ಅದೆಲ್ಲ ಬೇಡ ಸರ್, ವಾಟ್ಸಾಪ್ ಮಾಡಿಬಿಡಿ" ಎಂದು ಗೋಡೆಗೆ ಅಂಟಿಸಿದ ನಂಬರು ತೋರಿಸಿದ.

ಮಾಡಿದೆ. ಅವನ ಕಂಪ್ಯೂಟರಿನಲ್ಲಿ ನನ್ನ ಲೆಕ್ಕ ಟಣ್ ಎಂದು ಬಂದು ಕೂತಿತು. ಅದರ ಮೇಲೆ ಕೆಳಗೆ ಬೆಳಗ್ಗಿನಿಂದ ಬಂದವರದ್ದೆಲ್ಲ ಸಾಲಾಗಿ ಇತ್ತು: ಮೂರು ಆಧಾರ್ ಕಾರ್ಡು, ಒಂದು ಜಾತಕ, ಯಾರದೋ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ರಕ್ತಪರೀಕ್ಷೆಯ ವರದಿ, ಮತ್ತು ನಮ್ಮ ಪಕ್ಕದ ತೋಟದವರ ಪಹಣಿ, ಋಣದ ಕಲಂ ಸ್ಪಷ್ಟವಾಗಿ ಕಾಣುವಷ್ಟು ದೊಡ್ಡದಾಗಿ ತೆರೆದುಕೊಂಡು. ಇನ್ನೊಬ್ಬರ ಪಹಣಿ ಓದುವುದು ತಪ್ಪೆಂದು ನಾನು ಮುಖ ಆಚೆ ತಿರುಗಿಸಿಕೊಂಡೆ, ಕೊನೆಯ ಸಾಲು ಮುಗಿದ ಮೇಲೆ.